ಇರುವೆಗೆ ಕಟ್ಟಿದ ಹಗ್ಗ

ಮೊನ್ನೆ ಮಲ್ಪೆ ಬಂದರಿನ ದಕ್ಕೆಯಲ್ಲಿ ಹಳೆಯ ಬಲೆಹಗ್ಗದ ರಾಶಿಯ ಪಕ್ಕ ನಿಂತು ಎದೆ ತುಂಬ ಉಸಿರೆಳೆದುಕೊಂಡೆ. ಉಪ್ಪು, ಮೀನು, ಡೀಸೆಲ್ ಬೆರೆತ ಆ ನಾತ ನಿಮಗೆ ಹಿಡಿಸಲಿಕ್ಕಿಲ್ಲ. ನನಗೆ ಮಾತ್ರ ಅದರಿಂದ ಅಕ್ಕನ ಗುಡ್ಡೆ ನೆನಪಾಗುತ್ತದೆ.

ಭಾವ ಬೋಟು ಮಾರಿ ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಜಾಗ ಮಾಡಿದಾಗ ಅಕ್ಕನಿಗೆ ಮನೆಗಿಂತ ಹಿಂದಿನ ಗುಡ್ಡೆಯೇ ಹೆಚ್ಚು ಹಿಡಿಸಿತ್ತು. ಹೊನ್ನೆ, ಹಲಸು, ಕಾಟುಮಾವು, ಎಲ್ಲ ಯಾರೂ ನೆಡದೆ ಬೆಳೆದದ್ದು. ಕಡಲಕರೆಯಲ್ಲಿ ಒಂದೇ ಒಂದು ಗೇರುಮರದ ನೆರಳಲ್ಲಿ ಬೆಳೆದವಳಿಗೆ ಅದು ದೊಡ್ಡ ಐಶ್ವರ್ಯ. ಒಂದು ವರ್ಷ ಆ ಮರಗಳಿಗೆ ಹುಳ ಬಿತ್ತು. ಎಲೆಯೆಲ್ಲ ಹೋಗಿ ನರವಷ್ಟೇ ಉಳಿಯಿತು.

“ಕಡಿದು ರಬ್ಬರ್ ಹಾಕುವ,” ಎಂದರು ಭಾವ. ಹುಳದ ಮದ್ದು ಹೊಡೆಯೋಣ ಎಂದೆ ನಾನು, ಮಣಿಪಾಲದಲ್ಲಿ ಕುಂಡದ ಗುಲಾಬಿಯನ್ನೂ ಉಳಿಸಿಕೊಳ್ಳಲಾಗದ ಮಹಾಶಯ. ಗುಡ್ಡೆಯ ನೀರೇ ಬಾವಿಗೆ ಬರುವುದೆಂದು ಅಕ್ಕ ಅದನ್ನೂ ಒಪ್ಪಲಿಲ್ಲ.

“ಅಮ್ಮ ಮೀನು ಒಣಗಿಸುವ ಹಗ್ಗದಲ್ಲಿ ಕೆಂಪಿರುವೆ ಸಾಲು ಮರಕ್ಕೆ ಹೋಗ್ತಿತ್ತು, ನೆನಪುಂಟಾ? ನಮ್ಮ ಗೇರುಮರಕ್ಕೆ ಯಾವತ್ತಾದರೂ ಹುಳ ಬಂದದ್ದು ಉಂಟಾ? ಇರುವೆಯೇ ತಿಂದು ಮುಗಿಸ್ತಿತ್ತು.”

ಭಾವ ನಕ್ಕರು. “ದೀಪಾವಳಿಯವರೆಗೆ ನೋಡುವ. ಮತ್ತೆ ಗರಗಸವೇ.”

ಅಂಗಳದ ಮಾವಿನಮರದಲ್ಲಿ ಎಲೆ ಹೊಲಿದು ಗೂಡು ಕಟ್ಟಿದ ಕೆಂಪಿರುವೆಗಳಿದ್ದವು. ಅಲ್ಲಿಂದ ಗುಡ್ಡೆಯ ಮರಗಳಿಗೆ ಬೋಟಿನ ಹಳೆಯ ಹಗ್ಗ ಎಳೆದು, ನಡುನಡುವೆ ಒಣಮೀನಿನ ತಲೆ ಕಟ್ಟಿದೆವು. ಒಂದು ಇರುವೆಯೂ ಅತ್ತ ಹೊರಡಲಿಲ್ಲ. ಹಬ್ಬ ಹತ್ತಿರವಾಯಿತು, ಭಾವ ಮರ ಕೊಯ್ಯುವವರಿಗೆ ಫೋನ್ ಮಾಡಿದ್ದೂ ಆಯಿತು. ಅಕ್ಕ ಹಗ್ಗವನ್ನೇ ನೋಡುತ್ತಿದ್ದಳು.

ಆಗ ಈ ಬೃಹಸ್ಪತಿ ಒಂದು ಸಂಜೆ ಒದ್ದೆ ಬೈರಾಸನ್ನು ಗುಡ್ಡೆಯ ಕಡೆಗಿದ್ದ ಹಗ್ಗದ ತುದಿಗೆ ಒಣಹಾಕಿದೆ. ಬೆಳಿಗ್ಗೆ ಸ್ನಾನ ಮಾಡಿ ಅದರಲ್ಲೇ ಮೈ ಒರೆಸಿಕೊಂಡೆ. ನಾನು ಹಾಕಿದ ಬೊಬ್ಬೆ ಕಾರ್ಕಳ ಪೇಟೆಗೆ ಕೇಳಿಸಿರಬೇಕು. ಅಕ್ಕ ಓಡಿ ಬಂದು, ನನ್ನನ್ನು ನೋಡದೆ ಬೈರಾಸು ಕಸಿದು ಬಿಡಿಸಿದಳು. ತುಂಬ ಕೆಂಪಿರುವೆ.

“ದಾಟಿದವು ಮಾರಾಯ,” ಎಂದಳು. ಕಣ್ಣಲ್ಲಿ ನೀರಿತ್ತು. “ಅಷ್ಟು ದೂರ ದಾಟಿದವು.”

ಕುಣಿಯುತ್ತಲೇ ನನಗೂ ಹೇಳಲಾರದಷ್ಟು ಖುಷಿಯಾಯಿತು. ದೀಪಾವಳಿಗೆ ಕಾಟುಮಾವು ಕೆಂಪು ಚಿಗುರು ಬಿಟ್ಟಿತು. ಗರಗಸದವರಿಗೆ ಬರುವುದು ಬೇಡವೆಂದು ಫೋನ್ ಮಾಡಿದವರು ಭಾವನೇ.

ದಕ್ಕೆಗೆ ನನ್ನನ್ನು ಮೊನ್ನೆ ಕಳಿಸಿದವರೂ ಅವರೇ. “ಪಕ್ಕದ ಮನೆಯವರ ಗುಡ್ಡೆಗೂ ಹುಳ ಬಿದ್ದಿದೆ. ಕಡಿಯಬೇಡಿ, ನಾನಿದ್ದೇನೆ ಅಂತ ಹೇಳಿದ್ದೇನೆ. ನಾರುವ ಹಗ್ಗವೇ ತಾ, ಆಯ್ತಾ? ಮತ್ತೆ, ನಿನ್ನ ಬೈರಾಸು ಮರೆಯಬೇಡ. ದಾಟಿದ್ದು ಗೊತ್ತಾಗಬೇಕಲ್ವಾ.”

ಹಗ್ಗದ ಜೊತೆ ಎರಡು ಹೊಸ ಬೈರಾಸನ್ನೂ ಕೊಂಡುಕೊಂಡೆ.