ಲ್ಯಾಪ್‌ಟಾಪಿಗೊಂದು ದಿಂಬು

ಎಲ್ಲಿ ನೋವಿದೆಯೋ ಅಲ್ಲಿ ಒಂದು ದಿಂಬು ಕಡಿಮೆಯಾಗಿದೆ ಎಂದೇ ಅರ್ಥ. ಇದು ನಮ್ಮ ಚಿಕ್ಕಪ್ಪನ ಸಿದ್ಧಾಂತ. ಅವರು ಹಾಸಿಗೆ ಹೊಲಿಯುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರ ನಡುವೆ ಉದ್ದನೆಯ ಮರದ ಹಲಗೆ. ಅದರ ಮೇಲೆ ಕಾಲು ಮಡಚಿ ಕೂತು ಗೇಣುದ್ದದ ಸೂಜಿ ಹಿಡಿದರೆ ಊಟಕ್ಕೆ ಕೂಗಿದಾಗಲೇ ಏಳುವುದು. ಹತ್ತಿಯನ್ನು ಎರಡು ಬೆರಳ ನಡುವೆ ಒತ್ತಿ, ಕಣ್ಣು ಮುಚ್ಚಿಕೊಂಡೇ, ಇದು ಹೊಸದು, ಇದು ಯಾರದೋ ಹಳೇ ಹಾಸಿಗೆಯದು ಎಂದು ಹೇಳಿಬಿಡುತ್ತಾರೆ. ಆ ವಿದ್ಯೆಯಲ್ಲಿ ಅವರು ಎತ್ತಿದ ಕೈ. ಆದರೆ ಗಾಳಿಗೆ ಬಾಗಿಲು ಬಡಿದುಕೊಂಡರೂ ಅದಕ್ಕೊಂದು ದಿಂಬು, ಪಕ್ಕದ ಮನೆಯಜ್ಜಿ ಸೊಸೆಯ ಮೇಲೆ ಮುನಿಸಿಕೊಂಡರೂ ಅಜ್ಜಿಗೊಂದು ದಿಂಬು ಎಂದರೆ ಹೇಗೆ? ಮಹಡಿಯಲ್ಲಿರುವ ನನ್ನ ಮಂಚದ ಮೇಲೆ ಈಗ ನನ್ನೊಬ್ಬಳನ್ನು ಬಿಟ್ಟು ಮನೆಯ ದಿಂಬುಗಳಿಗೆಲ್ಲ ಜಾಗವಿದೆ.

ಚಿಕ್ಕಮ್ಮನ ಕೆಲಸವೇ ಬೇರೆ. ಒಂದು ದೊಡ್ಡ ಕಚೇರಿಯಲ್ಲಿ ಸಭೆಗಳ ಧ್ವನಿಮುದ್ರಣವನ್ನು ಕಿವಿಗೆ ಹಾಕಿಕೊಂಡು ಕೇಳುತ್ತಾ ಟೈಪ್ ಮಾಡುವುದು. ನಾಲ್ಕಾರು ಜನ ಒಟ್ಟಿಗೆ ಬಾಯಿ ಮಾಡಿದರೂ ಯಾರು ಏನಂದರೆಂದು ಬಿಡಿಸಿ ಬರೆಯುತ್ತಿದ್ದರು. ಅದರ ಬಗ್ಗೆ ಅವರಿಗೆ ಸಣ್ಣ ಜಂಬವೂ ಇತ್ತು, ಇರಬೇಕಾದದ್ದೇ. ಕಚೇರಿಯ ಕಟ್ಟಡ ಸೋರತೊಡಗಿ ರಿಪೇರಿಗೆ ಬಂದಾಗ ಎಲ್ಲರ ಕೈಗೂ ಒಂದೊಂದು ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸಿದರು. ಚಿಕ್ಕಮ್ಮ ಅದನ್ನು ತಂದು ಅಂಗಡಿಯ ಮೂಲೆಯಲ್ಲಿದ್ದ ಗಿಡ್ಡ ಮೇಜಿನ ಮೇಲಿಟ್ಟರು. ಚಿಕ್ಕಪ್ಪ ಕಣ್ಣೆದುರಿಗಿರುತ್ತಾರೆ ಎಂಬ ಒಂದೇ ಕಾರಣಕ್ಕೆ.

"ರೀ, ಕತ್ತು ಹಿಡ್ಕೊಂಡಿದೆ" ಎಂದರು ಒಂದು ದಿನ.

"ಹಿಡ್ಕೊಳ್ಳದೆ ಏನು ಮಾಡತ್ತೆ? ಬಾವಿ ಬಗ್ಗಿ ನೋಡೋ ಹಾಗೆ ನೋಡ್ತೀಯ. ತಾಳು, ಅದನ್ನ ಎತ್ತರಕ್ಕಿಡೋಣ."

ಲ್ಯಾಪ್‌ಟಾಪಿನ ಕೆಳಗೆ ಒಂದು ದಿಂಬು ಬಂತು. ಪರದೆ ಕಣ್ಣಿನ ಮಟ್ಟಕ್ಕೆ ಬಂತು ನಿಜ, ಜೊತೆಗೆ ಅಕ್ಷರದ ಗುಂಡಿಗಳೂ ಎದೆಯ ಮಟ್ಟಕ್ಕೆ ಬಂದವು. ಕೈ ಎತ್ತಿ ಎತ್ತಿ ಭುಜ ಬಿದ್ದುಹೋಯಿತು. ಸರಿ, ಚಿಕ್ಕಮ್ಮನ ಕೆಳಗೂ ಒಂದು ದಿಂಬು. ಈಗ ಕಾಲು ನೆಲಕ್ಕೆ ಎಟುಕದು. ಕಾಲಿಗೊಂದು ದಿಂಬು. ಅಷ್ಟರಲ್ಲಿ ಪರದೆ ಮತ್ತೆ ತಗ್ಗಿನಲ್ಲಿತ್ತು. ಹೀಗೆ ಚಿಕ್ಕಮ್ಮನೂ ಲ್ಯಾಪ್‌ಟಾಪೂ ಪೈಪೋಟಿಗೆ ಬಿದ್ದವರಂತೆ ಮೇಲೇರುತ್ತಿದ್ದರೆ ಚಿಕ್ಕಪ್ಪ ಸೊಂಟಕ್ಕೆ ಕೈಯಿಟ್ಟು, ಎಲ್ಲಿ ಲೆಕ್ಕ ತಪ್ಪಿತು ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಕೊನೆಗೆ ಮಣಿಕಟ್ಟಿಗೆಂದು ಉದ್ದನೆಯ ಪುಟ್ಟ ದಿಂಬೊಂದನ್ನು ಗಟ್ಟಿಯಾಗಿ ತುಂಬಿ, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿ ತಂದುಕೊಟ್ಟರು. ಅಷ್ಟು ಚೆಂದದ ದಿಂಬನ್ನು ಬೇಡ ಎನ್ನಲು ಚಿಕ್ಕಮ್ಮನಿಗೆ ಬಾಯಿ ಬರಲಿಲ್ಲ. ಇಡೀ ದಿನ ಮಣಿಕಟ್ಟನ್ನು ಅದರ ಮೇಲೆ ಒತ್ತಿ, ಅಂಗೈ ಮೇಲಕ್ಕೆ ಬಾಗಿಸಿ ಟೈಪ್ ಮಾಡಿದರು.

ಒಂದು ಬೆಳಗ್ಗೆ ಅವರ ಬಲಗೈಯಿಂದ ಟೀ ಲೋಟ ಬಿದ್ದು ಚೂರಾಯಿತು.

"ಕೈಯಲ್ಲಿತ್ತು ಅಂತಲೇ ಗೊತ್ತಾಗ್ಲಿಲ್ಲ" ಎಂದು ಹೆಬ್ಬೆರಳನ್ನೂ ಅದರ ಪಕ್ಕದ ಎರಡು ಬೆರಳನ್ನೂ ಪಿಳಿಪಿಳಿ ನೋಡಿಕೊಂಡರು. ರಾತ್ರಿ ಜೋಮು ಹಿಡಿಯುತ್ತಿತ್ತಂತೆ, ಬೆಳಗ್ಗೆ ಕೊಡವಿದರೆ ಹೋಗುತ್ತಿತ್ತಂತೆ. ಈಗ ಹೋಗುತ್ತಿಲ್ಲ. ಆ ಬೆರಳು ಹೋದರೆ ಅವರ ಕೆಲಸ ಹೋದಂತೆ, ಕೆಲಸ ಹೋದರೆ ಆ ಸಣ್ಣ ಜಂಬವೂ ಹೋದಂತೆ.

ಚಿಕ್ಕಪ್ಪ ತಮಗೆ ಗೊತ್ತಿದ್ದ ಪರೀಕ್ಷೆಯನ್ನೇ ಮಾಡಿದರು. "ಕಣ್ಣು ಮುಚ್ಚು. ಬೆರಳ ಮೇಲೆ ಹತ್ತಿ ಇಡ್ತೀನಿ. ಗೊತ್ತಾದ್ರೆ ಹೇಳು."

ಚಿಕ್ಕಮ್ಮ ಕಣ್ಣು ಮುಚ್ಚಿದರು. ಚಿಕ್ಕಪ್ಪ ಹತ್ತಿ ಹಿಡಿದವರು ಇನ್ನೂ ಇಟ್ಟಿರಲಿಲ್ಲ, ಕೈ ಗಾಳಿಯಲ್ಲೇ ಇತ್ತು.

"ಹೂಂ, ಗೊತ್ತಾಯ್ತು" ಎಂದರು ಚಿಕ್ಕಮ್ಮ.

ಬಾಗಿಲಲ್ಲಿ ನಿಂತಿದ್ದ ನಾನೂ ನೋಡಿದೆ, ಚಿಕ್ಕಪ್ಪನೂ ನನ್ನನ್ನು ನೋಡಿದರು. ಗಂಡ ಹೆದರದಿರಲಿ ಎಂದು ಹೇಳಿದ ಸುಳ್ಳು ಅದು. ಚಿಕ್ಕಪ್ಪ ಹತ್ತಿಯನ್ನು ಜೇಬಿಗೆ ತುರುಕಿಕೊಂಡು, "ಒಳ್ಳೇದಾಯ್ತು ಬಿಡು" ಎಂದು ಎದ್ದು ಹೋದರು.

ಅದೇ ದಿನ ಲ್ಯಾಪ್‌ಟಾಪ್ ಗುರ್ರೆಂದು ಸದ್ದು ಮಾಡಿ ಕಣ್ಣು ಮುಚ್ಚಿಕೊಂಡಿತು. ಮುಟ್ಟಿದರೆ ಕಾದ ಹೆಂಚು. ನಾನೂ ಚಿಕ್ಕಪ್ಪನೂ ಅದನ್ನು ಎತ್ತಿಕೊಂಡು ರಿಪೇರಿ ಅಂಗಡಿಗೆ ಹೋದೆವು. ಅಲ್ಲಿನ ಹೆಂಗಸು ಅದರ ಹೊಟ್ಟೆ ಬಿಚ್ಚಿ, ಫ್ಯಾನಿನ ಬಾಯಿಂದ ಬೆರಳು ದಪ್ಪದ ಹತ್ತಿಯ ಪದರವನ್ನು ಚಿಮಟದಲ್ಲಿ ಎಳೆದು ಮೇಜಿನ ಮೇಲಿಟ್ಟಳು.

"ಇದರೊಳಗೂ ಒಂದು ದಿಂಬು ಹೊಲಿದಿದ್ದೀರಲ್ಲ ಸ್ವಾಮಿ! ಇದು ಕೆಳಗಿಂದ ಗಾಳಿ ಎಳೆಯತ್ತೆ. ಮೆತ್ತೆ ಮೇಲಿಟ್ರೆ ಉಸಿರು ಕಟ್ಟತ್ತೆ. ಹೀಗೇ ಕಾಯ್ತಾ ಇದ್ರೆ ಬ್ಯಾಟರಿ ಊದ್ಕೊಳ್ಳತ್ತೆ, ಅದು ಅಪಾಯ. ಗಟ್ಟಿ ಜಾಗದಲ್ಲಿಡಿ."

ಚಿಕ್ಕಪ್ಪ ಆ ಹತ್ತಿಯನ್ನು ಬೆರಳ ನಡುವೆ ಒತ್ತಿ ನೋಡಿ, "ಒಳ್ಳೇ ಹತ್ತಿ" ಎಂದರು.

ಮರುದಿನ ಚಿಕ್ಕಮ್ಮನ ಜೊತೆ ನಾವಿಬ್ಬರೂ ಡಾಕ್ಟರ ಬಳಿ ಹೋದೆವು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ, ಈಗಲೇ ಆ ಒತ್ತಡ ತಪ್ಪಿಸಿದರೆ ಸರಿಹೋಗಬಹುದು, ತಡಮಾಡಿದರೆ ಹೇಳಲಾಗದು ಎಂದರು ಅವರು. ಕೆಲವು ವಾರ ಟೈಪ್ ಮಾಡುವುದನ್ನು ನಿಲ್ಲಿಸಿ, ರಾತ್ರಿ ಪಟ್ಟಿ ಕಟ್ಟಿಕೊಳ್ಳಬೇಕು.

"ಆಮೇಲೂ ಮಣಿಕಟ್ಟನ್ನ ಯಾವುದರ ಮೇಲೂ ಒತ್ತಬೇಡಿ. ನೇರವಾಗಿರಲಿ, ಮೊಣಕೈ ಮೇಜಿನ ಸಮಕ್ಕೆ ಬರಲಿ. ಗಟ್ಟಿ ಕುರ್ಚಿ, ಪಾದ ನೆಲದ ಮೇಲೆ. ಪರದೆ ಮೇಲಿರಲಿ, ಕೀಬೋರ್ಡ್ ಕೆಳಗಿರಲಿ."

"ಡಾಕ್ಟ್ರೇ, ಅದು ಪುಸ್ತಕದ ಥರ ಮಡಚೋದು" ಎಂದರು ಚಿಕ್ಕಪ್ಪ, ಮಗುವಿಗೆ ಹೇಳುವಂತೆ. "ಮೇಲಿಟ್ರೆ ಎರಡೂ ಮೇಲೆ, ಕೆಳಗಿಟ್ರೆ ಎರಡೂ ಕೆಳಗೆ."

"ಬೇರೆ ಕೀಬೋರ್ಡ್ ತಂದು ಜೋಡಿಸಿ."

"ಮತ್ತೆ ಅದರಲ್ಲೇ ಇರೋದು?"

"ಅದು ಹಾಗೇ ಇರತ್ತೆ."

"ಸುಮ್ನೇನಾ?"

"ಸುಮ್ನೆ."

ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಮನೆಗೆ ಬಂದ ಚಿಕ್ಕಪ್ಪ ಸೂಜಿ ಮುಟ್ಟಲಿಲ್ಲ. ಹಲಗೆಯ ಮೇಲೆ ಕೂತು, ಮಣಿಕಟ್ಟಿನ ಆ ಪುಟ್ಟ ದಿಂಬನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. "ಎಲ್ಲರೂ ಗಟ್ಟಿ ಗಟ್ಟಿ ಅಂತಾರೆ. ಮೆತ್ತಗಿರೋದೇ ಕೆಡುಕು ಅಂದ್ರೆ ನಾನು ಇಷ್ಟು ವರ್ಷ ಜನಕ್ಕೆ ಮಾಡಿದ್ದೇನು ಮಗಳೇ? ನನ್ನ ಕೈಯಾರೆ ಅವಳ ಕೈ ಕೆಡಿಸಿದೆನಾ?"

ನನಗೆ ಕನಿಕರ ಬಂದರೆ ಜೊತೆಗೆ ಕೋಪವೂ ಬರುತ್ತದೆ. "ಚಿಕ್ಕಪ್ಪ, ಮಧ್ಯಾಹ್ನ ನೀವು ಎಲ್ಲಿ ಮಲಗ್ತೀರಿ?"

"ಇಲ್ಲೇ, ಹಲಗೆ ಮೇಲೆ."

"ಸುತ್ತ ಇಷ್ಟೊಂದು ಹಾಸಿಗೆ ಪೇರಿಸಿಟ್ಕೊಂಡು?"

"ಹಾಸಿಗೆ ಮೇಲೆ ಮಲಗಿದ್ರೆ ನನಗೆ ಬೆನ್ನು ನೋ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಹಲಗೆಯನ್ನು ಅಂಗೈಯಿಂದ ಸವರಿದರು. "ಅದು ಬೇರೆ ವಿಷಯ" ಎಂದರು. ಮತ್ತೊಮ್ಮೆ ಸವರಿ, "ಬೇರೆ ವಿಷಯಾನಾ?" ಎಂದು ತಮ್ಮನ್ನೇ ಕೇಳಿಕೊಂಡರು.

ಸಂಜೆ ಗರಗಸದ ಸದ್ದು ಕೇಳಿ ಕೆಳಗಿಳಿದು ಬಂದೆ. ಚಿಕ್ಕಪ್ಪ ಹಲಗೆಯ ಒಂದು ತುದಿಯನ್ನೇ ಕೊಯ್ದುಬಿಟ್ಟಿದ್ದರು! ಅಷ್ಟು ವರ್ಷ ಕೂತು, ಮಲಗಿ ನುಣುಪಾದ ಹಲಗೆ. ಕೊಯ್ದ ತುಂಡಿನಿಂದ ಎರಡು ಕಾಲಿನ ಸಣ್ಣ ಪೀಠವಾಯಿತು, ಅಡಿಯಲ್ಲಿ ಗಾಳಿಯಾಡಲು ಟೊಳ್ಳು. ಲ್ಯಾಪ್‌ಟಾಪ್ ಹತ್ತಿಯ ಧೂಳಿಲ್ಲದ ಒಳಕೋಣೆಗೆ ಹೋಯಿತು. ಅಡುಗೆಮನೆಯ ಮೇಜು, ಗಟ್ಟಿ ಕುರ್ಚಿ, ನಾನು ತಂದ ಕೀಬೋರ್ಡು, ಪೀಠದ ಮೇಲೆ ಲ್ಯಾಪ್‌ಟಾಪು. ಸುಮ್ಮನೆ ಉಳಿದ ಹಳೆಯ ಗುಂಡಿಗಳನ್ನು ಕಂಡು ಚಿಕ್ಕಪ್ಪನಿಗೆ ಸಂಕಟ. ಧೂಳು ಕೂರದಿರಲೆಂದು ಅವುಗಳ ಮೇಲೊಂದು ತೆಳು ಮೆತ್ತೆ ಹಾಸಲು ಹೋಗಿ ಚಿಕ್ಕಮ್ಮನಿಂದ ಕೈಗೆ ಪೆಟ್ಟು ತಿಂದರು.

ರಜೆಯ ವಾರಗಳು ಮುಗಿದು ಚಿಕ್ಕಮ್ಮ ಮತ್ತೆ ಕೂತರು. ಮೊಟಕಾದ ಹಲಗೆಯ ಮೇಲೆ ಕಾಲು ಹೊರಚಾಚಿ ಮಲಗುತ್ತಿದ್ದ ಚಿಕ್ಕಪ್ಪ ಆಗಾಗ ಬಾಗಿಲಿಗೆ ಬಂದು, "ಏಳೇ, ಸ್ವಲ್ಪ ಓಡಾಡು" ಎನ್ನುತ್ತಿದ್ದರು. ಬೆರಳಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಕೇಳಿದರೆ ಮತ್ತೆ ಸುಳ್ಳು ಕೇಳಬೇಕಾದೀತು ಎಂಬ ಭಯ.

ಕೊನೆಗೊಂದು ದಿನ ಧೈರ್ಯ ಮಾಡಿ ಜೇಬಿನಿಂದ ಹತ್ತಿ ತೆಗೆದರು. "ಕಣ್ಣು ಮುಚ್ಚು."

ಚಿಕ್ಕಮ್ಮ ಮುಚ್ಚಿದರು. ಚಿಕ್ಕಪ್ಪ ಹತ್ತಿಯನ್ನು ಗಾಳಿಯಲ್ಲೇ ಹಿಡಿದು ಕೇಳಿದರು, "ಗೊತ್ತಾಯ್ತಾ?"

"ಇಲ್ಲ" ಎಂದರು ಚಿಕ್ಕಮ್ಮ.

ಚಿಕ್ಕಪ್ಪನ ಮುಖ ಗೊಂದಲದಲ್ಲಿ ಕಲಸಿಹೋಯಿತು. ಇದು ನಿಜವಾಗಿ ತಿಳಿದು ಹೇಳಿದ್ದೋ, ಜೋಮಿನಿಂದ ಹೇಳಿದ್ದೋ? ಈ ಸಲ ಏನನ್ನೂ ಕೇಳದೆ ಹತ್ತಿಯನ್ನು ನಡುಬೆರಳ ಮೇಲಿಟ್ಟರು.

ಚಿಕ್ಕಮ್ಮ ಕಣ್ಣು ತೆರೆಯದೆ ಆ ಹತ್ತಿಯನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರು. "ಹಳೇ ಹಾಸಿಗೇದು" ಎಂದರು.

"ಹೊಸದು ಕಣೇ! ಇಷ್ಟು ವರ್ಷ ನನ್ನ ಜೊತೆಗಿದ್ದೂ ಅಷ್ಟು ಗೊತ್ತಾಗಲ್ವಾ ನಿನಗೆ?" ಎಂದು ಚಿಕ್ಕಪ್ಪ ಬೈದರು. ಬೈಯುತ್ತಲೇ, ಅವರ ಬೆರಳಲ್ಲಿದ್ದ ಹತ್ತಿಯನ್ನು ಕಸಿದು ಅದರಲ್ಲೇ ಕಣ್ಣೊರೆಸಿಕೊಂಡರು.