ಹೊನ್ನಕ್ಕನ ಎಡಗಾಲು

ನಮ್ಮ ಕೇರಿಯ ಹೊನ್ನಕ್ಕ ಹುಟ್ಟುವಾಗ ಕಾಲು ಮುಂದಾಗಿ ಬಂದಳಂತೆ. ಹಾಗೆ ಬಂದವರು ಎಡಗಾಲಲ್ಲಿ ಸವರಿದರೆ ಉಳುಕು ಬಿಡುತ್ತದೆ ಎಂಬುದು ಹಿರೀಸಾವೆ ಕಡೆಯ ನಂಬಿಕೆ. ಅವಳನ್ನು ಹೊಸ್ತಿಲು ದಾಟಲು ಬಿಡದ ದೊಡ್ಡ ಮನುಷ್ಯರೂ ಸೊಂಟ ಹಿಡಿದುಕೊಂಡಾಗ ಅವಳ ಅಂಗಳಕ್ಕೆ ಬಂದು, ಬೋರಲು ಬಿದ್ದು ತುಳಿಸಿಕೊಂಡು ಹೋಗುತ್ತಿದ್ದರು. ನೋವು ಬಂದಾಗ ಇವರ ಜಾತಿ ಎಲ್ಲಿ ಅಡಗುತ್ತದೋ ನನಗಂತೂ ಗೊತ್ತಿಲ್ಲ. ಹೊನ್ನಕ್ಕ ಮಾತ್ರ ಯಾರಿಗೂ ಇಲ್ಲ ಎಂದವಳಲ್ಲ.

ಹೋದ ವರ್ಷ ಅವಳ ಗಂಡ ಸಣ್ಣಯ್ಯನ ಮೈಮೇಲೆ ಅಲ್ಲಲ್ಲಿ ಕಪ್ಪು ಕಲೆ ಎದ್ದವು. ಏಟು ಬಿದ್ದ ನೆನಪಿಲ್ಲ. ವಯಸ್ಸಾದ ಮೈ, ಎಲ್ಲೋ ತಗುಲಿರಬೇಕು ಎಂದುಕೊಂಡ. ಒಂದು ಬೆಳಿಗ್ಗೆ ಗೊಬ್ಬರದ ಮಂಕರಿ ಎತ್ತಿದವನಿಗೆ ತೊಡೆ ಹಿಡಿದುಕೊಂಡಿತು.

“ಉಳುಕೈತೆ ಕಣಮ್ಮಿ, ವಸಿ ಜೋರಾಗೇ ತುಳಿ,” ಎಂದ.

ತನ್ನವನಲ್ಲವೇ, ಬರೀ ಸವರಿ ಬಿಡಲಿಲ್ಲ. ಮೈಭಾರ ಬಿಟ್ಟು ತುಳಿದಳು. ಸಂಜೆಯ ಹೊತ್ತಿಗೆ ತೊಡೆ ಊದಿ ಕಲ್ಲಾಗಿ, ಮಂಡಿಯವರೆಗೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

ಹಾಸನದ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಜಾಗದಿಂದ ರಕ್ತ ಜಿನುಗುತ್ತಲೇ ಇತ್ತು. ಡಾಕ್ಟರ್ ರೂಪಶ್ರೀ ಅವನ ರಕ್ತದ ತಿಳಿಗೆ, ಅಂದರೆ ಪ್ಲಾಸ್ಮಾಕ್ಕೆ, ಆರೋಗ್ಯವಂತರ ರಕ್ತದ ತಿಳಿ ಬೆರೆಸಿ ಪರೀಕ್ಷೆ ಮಾಡಿಸಿದರು. ಆಗಲೂ ಅದು ಸರಿಯಾದ ಹೊತ್ತಿಗೆ ಹೆಪ್ಪುಗಟ್ಟಲಿಲ್ಲ.

“ರಕ್ತ ಹೆಪ್ಪುಗಟ್ಟಿಸೋ ಅಂಶವನ್ನ ಇವರ ಮೈಯೇ ಶತ್ರು ಅಂದ್ಕೊಂಡು ಹಾಳು ಮಾಡ್ತಿದೆ. ಹುಟ್ಟಿನಿಂದ ಬಂದಿದ್ದಲ್ಲ, ಈಗ ಶುರುವಾಗಿದ್ದು. ತುಂಬಾ ಅಪರೂಪ. ಇನ್ಮೇಲೆ ಇವರನ್ನ ಯಾರೂ ತಿಕ್ಕಬಾರದು, ಒತ್ತಬಾರದು,” ಎಂದರು.

“ನಾನ್ ತುಳಿದ್ಬುಟ್ಟೆ ಡಾಕ್ಟ್ರಮ್ಮ,” ಎಂದಳು ಹೊನ್ನಕ್ಕ.

ರೂಪಶ್ರೀ ಸುಳ್ಳು ಹೇಳಲಿಲ್ಲ. “ಕಾಯಿಲೆ ಅದರಿಂದ ಬಂದಿದ್ದಲ್ಲಮ್ಮ. ಆದ್ರೆ ಒಳಗೆ ರಕ್ತ ಜಾಸ್ತಿ ಸುರಿಯೋಕೆ ಅದೂ ಒಂದು ಕಾರಣ.”

ಬೆಂಗಳೂರಿನಿಂದ ತರಿಸಿದ ಔಷಧಿಗೆ ರಕ್ತ ನಿಂತಿತು. ಮೈಯ ಹುಚ್ಚು ಇಳಿಸಲು ಸ್ಟೀರಾಯ್ಡ್ ಶುರುಮಾಡಿದರು. ಅದು ಹುಚ್ಚಿನ ಜೊತೆಗೆ ಮೈಯ ಕಾವಲನ್ನೂ ಇಳಿಸಿಬಿಟ್ಟಿತು. ತೊಡೆಯ ಊತ ಕಡಿಮೆಯಾಗುತ್ತಿದ್ದಾಗಲೇ ಎದೆಗೆ ಸೋಂಕು ಹತ್ತಿತು. ಔಷಧಿ ಕೊಟ್ಟರೆ ಸೋಂಕು, ಬಿಟ್ಟರೆ ರಕ್ತ. ಅತ್ತ ದರಿ, ಇತ್ತ ಪುಲಿ.

ಉಸಿರಿಗೆ ಒದ್ದಾಡುತ್ತಲೇ ಸಣ್ಣಯ್ಯ ಹೆಂಡತಿಯ ಕೈ ಹಿಡಿದುಕೊಂಡ. “ನಿನ್ ತಪ್ಪಲ್ಲ ಕಣಮ್ಮಿ. ತುಳಿ ಅಂದೋನು ನಾನೇ ಅಲ್ವಾ.” ಮಾರನೆಯ ದಿನ ಹೋಗಿಬಿಟ್ಟ.

ಸಮಾಧಿಗೆ ಹಾಲುತುಪ್ಪ ಬಿಡುವ ದಿನ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಬಂದವರೆಲ್ಲ ಅದೇ ಮಾತೆತ್ತಿ ಸಮಾಧಾನ ಹೇಳುತ್ತಿದ್ದರು, ಅವನೇ ನಿನ್ನ ತಪ್ಪಲ್ಲ ಅಂದು ಹೋದನಲ್ಲ, ಇನ್ನೇಕೆ ಅಳುತ್ತೀಯ ಎಂದು. ನನಗೇ ರೇಗಿಹೋಗಿತ್ತು. ಕೊನೆಗೆ ಹೊನ್ನಕ್ಕ ಸಿಡಿದಳು.

“ಒಂದ್ಸಲ ಬೈದು ಓಗಿದ್ರೆ ಆಗಿರೋದು ಕಣ್ರವ್ವ. ಬೈಲೇ ಇಲ್ವಲ್ಲ. ಈಗ ನಾನು ಯಾರ್ ಕೈಲಿ ಬೈಸ್ಕಳ್ಲಿ?”