ಚೆರಿಯಮ್ಮನಿಗೊಬ್ಬ ವಕೀಲರು

ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ನಾವು ಎರ್ನಾಕುಲಂನವರೇ ಆಗಿಬಿಟ್ಟಿದ್ದೆವು. ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. ಮೈಸೂರಿನಿಂದ ವರ್ಗವಾಗಿ ಬಂದಾಗ ಸ್ವಲ್ಪ ಕಾಲ ಇದ್ದು ಹೋಗುವುದೆಂದುಕೊಂಡಿದ್ದೆವು. ಆದರೆ ಮಕ್ಕಳು ಅಲ್ಲಿನ ಶಾಲೆ ಸೇರಿದರು, ನಾನು ಕನ್ನಡದಲ್ಲಿ ಕರೆದರೆ ಮಲಯಾಳದಲ್ಲಿ ಓಗೊಡತೊಡಗಿದರು. ನಾವಿದ್ದದ್ದು ಒಂದು ಬಟ್ಟೆ ಅಂಗಡಿಯ ಮೇಲಿನ ಬಾಡಿಗೆ ಮನೆ. ಹಿಂದೆ ಕಾಲುವೆ. ಸಂಜೆಯಾದರೆ ಸೊಳ್ಳೆಗಳಿಗೆ ಹೆದರಿ ಕಿಟಕಿ ಮುಚ್ಚಿ, ಸೆಕೆಗೆ ಹೆದರಿ ಮತ್ತೆ ತೆರೆಯುತ್ತಿದ್ದೆವು. ಸ್ವಂತ ಮನೆಯ ಯೋಚನೆ ಹುಟ್ಟಿದ್ದು ಆ ಕಿಟಕಿಯ ಮುಂದೆಯೇ.

ಬ್ಯಾಂಕಿನ ಸಹೋದ್ಯೋಗಿಯೊಬ್ಬರು ತ್ರಿಪ್ಪುಣಿತ್ತುರದಲ್ಲಿ ಒಂದು ಹಳೆಯ ಮನೆ ಮಾರಾಟಕ್ಕಿದೆ ಎಂದರು. ಹೋಗಿ ನೋಡಿದೆವು. ಹಂಚಿನ ಮನೆ, ಸುತ್ತ ಜಗಲಿ, ಪಕ್ಕದಲ್ಲಿ ದೇವಸ್ಥಾನದ ಕೊಳ. ಮಾರುವವನು ನಲವತ್ತು ದಾಟಿದ, ಮೆಲುಮಾತಿನ ಮನುಷ್ಯ. ಎಲ್ಲ ಕೋಣೆಗಳನ್ನೂ ತೋರಿಸಿದ, ಪೂರ್ವದ ಕಡೆಯ ಒಂದನ್ನು ಬಿಟ್ಟು. ಅದಕ್ಕೆ ಬೀಗ ಹಾಕಿತ್ತು. "ಕೀಲಿ ಎಲ್ಲೋ ಕಳೆದಿದೆ. ನಿಮಗೆ ಬಿಟ್ಟುಕೊಡುವ ಮೊದಲು ಒಡೆಸಿಕೊಡುತ್ತೇನೆ" ಎಂದ. ಯಜಮಾನರು ಆಗಲೇ ಜಗಲಿಯ ಗೋಡೆಗೆ ಅಂಗೈ ಚಾಚಿ ಪುಸ್ತಕದ ಕಪಾಟಿಗೆ ಅಳತೆ ತೆಗೆಯುತ್ತಿದ್ದರು. ಅವರನ್ನು ಅಷ್ಟು ಹಗುರವಾಗಿ ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ಕಾಗದಪತ್ರ ನೋಡಲು ವಕೀಲರು ಬೇಕಲ್ಲ. ನನಗೆ ಎರ್ನಾಕುಲಂನಲ್ಲೇ ಇದ್ದ ಕಾಸರಗೋಡಿನ ಕಡೆಯ ವಕೀಲರೊಬ್ಬರು ಗೊತ್ತಿದ್ದರು. ಆಸ್ತಿಯ ವಿಷಯವನ್ನು ಪರಭಾಷೆಯಲ್ಲಿ ಕೇಳಿಸಿಕೊಳ್ಳಲು ನನಗೆ ಭಯ. ಕನ್ನಡದವರೇ ಇರಲಿ ಎಂದು ಹಟ ಹಿಡಿದು ಯಜಮಾನರನ್ನು ಅವರ ಆಫೀಸಿಗೆ ಕರೆದುಕೊಂಡು ಹೋದೆ. ವಕೀಲರು ನಕ್ಕುಬಿಟ್ಟರು.

"ನಂಗೆ ಕನ್ನಡ ಬರ್ತದೆ ಅಂತ ನನ್ನತ್ರ ಬಂದದ್ದಾ ಅಮ್ಮ? ಕೋರ್ಟಿನ ಕೆಲಸ ಆದ್ರೆ ನಾನು ಮಾಡ್ತೇನೆ. ಆ ಮನೆಯ ಒಳಗಿನ ವಿಷಯ ನಂಗೆ ಎಂತ ಗೊತ್ತುಂಟು? ಯಾರಿಗೆ ಎಷ್ಟು ಪಾಲು, ಯಾರು ಎಲ್ಲಿದ್ದಾರೆ, ಅದು ಆ ಊರಿನವರಿಗೇ ಗೊತ್ತಿರುದು. ತ್ರಿಪ್ಪುಣಿತ್ತುರದಲ್ಲೇ ಒಬ್ಬರನ್ನು ಹಿಡೀರಿ."

ಹಾಗೆ ತ್ರಿಪ್ಪುಣಿತ್ತುರದ ಒಬ್ಬ ವೃದ್ಧ ವಕೀಲರ ಬಳಿ ಹೋದೆವು. ಬಿಳಿ ಮುಂಡು ಉಟ್ಟು ಮನೆಯ ಜಗಲಿಯಲ್ಲೇ ಕಕ್ಷಿದಾರರನ್ನು ಕಾಣುತ್ತಿದ್ದವರು. ಮನೆಯ ಗುರುತು ಹೇಳಿದ ಕೂಡಲೇ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಚೆರಿಯಮ್ಮ ಒಪ್ಪಿದ್ದಾರಾ?"

ಚೆರಿಯಮ್ಮ ಎಂದರೆ ನಮ್ಮ ಚಿಕ್ಕಮ್ಮ. ಮಾರುವವನ ತಾಯಿಯ ತಂಗಿ. ಆ ಮನೆತನದಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವಂಥದ್ದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಲ್ಲೇ ಬಹುಕಾಲ ಇದ್ದ ಆಕೆ, ಈಗ ತಿರುವನಂತಪುರದಲ್ಲಿ, ಮಾರುವವನ ತಂಗಿಯ ಮನೆಯಲ್ಲಿದ್ದಾರೆ. ಆಕೆಯ ಸಹಿಯಿಲ್ಲದೆ ಕೊಂಡರೆ ಮುಂದೆ ತೊಂದರೆ. ಮಾರುವವನು ಈ ಹೆಸರನ್ನೇ ಎತ್ತಿರಲಿಲ್ಲ. ಕೇಳಿದಾಗ, "ಅಯ್ಯೋ, ಅವರದೇನು, ಹೇಳಿದಲ್ಲಿ ಸಹಿ ಹಾಕುತ್ತಾರೆ" ಎಂದ.

ವಕೀಲರು ಸಮ್ಮತಿಪತ್ರ ಬರೆಸಿಕೊಂಡು ತಾವೇ ತಿರುವನಂತಪುರಕ್ಕೆ ಹೊರಟರು. ಬ್ಯಾಂಕಿನಲ್ಲಿ ಆಗ ತಪಾಸಣೆಯ ಕಾಲ, ಯಜಮಾನರಿಗೆ ರಜೆ ಸಿಗಲಿಲ್ಲ. "ನೀನು ಹೋಗು. ಹೆಂಗಸರು ಹೆಂಗಸರು ಮಾತಾಡಿದ್ರೆ ಸಲೀಸು" ಎಂದರು. ನನ್ನ ತಂಗಿಯ ಗಂಡ ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿದ್ದುದರಿಂದ ಉಳಿಯಲು ಮನೆಯೂ ಇತ್ತು.

ಚೆರಿಯಮ್ಮ ಇದ್ದ ಮನೆಯಲ್ಲಿ ವಕೀಲರು ಮುಂದಿನ ಕೋಣೆಯಲ್ಲಿ ಕುಳಿತು ಕಾಫಿ ಕುಡಿಯತೊಡಗಿದರು. ಚೆರಿಯಮ್ಮನಿಗೆ ಸೊಸೆಯಲ್ಲ, ಮಗಳೂ ಅಲ್ಲ, ಅಕ್ಕನ ಮಗಳಾದ ಆ ಮನೆಯೊಡತಿ ನನ್ನನ್ನು ಹಿಂದಿನ ಜಗಲಿಗೆ ಕರೆದೊಯ್ದಳು. ಚೆರಿಯಮ್ಮ ನೆಲದ ಮೇಲೆ ಕುಳಿತು, ಶಾಲೆಯಿಂದ ಬಂದ ಮೊಮ್ಮಗಳ ತಲೆ ಬಾಚುತ್ತಿದ್ದರು. ಹುಡುಗಿ ಹದಿನಾಲ್ಕು ಹದಿನೈದರವಳು. ಅವಳನ್ನು ಹುಟ್ಟಿದಂದಿನಿಂದ ಎತ್ತಿ ಆಡಿಸಿದವರು ಇವರೇ ಎಂದು ಮನೆಯೊಡತಿ ಹೇಳಿ, ನಮ್ಮನ್ನು ಬಿಟ್ಟು ಮುಂದೆ ಹೋದಳು.

ಅವರನ್ನು ಮೆಚ್ಚಿಸಬೇಕೆಂದು ನಾನು ಮನೆಯನ್ನು ಹೊಗಳಿದೆ. ಎಲ್ಲಿ ಮಕ್ಕಳ ಓದಿನ ಮೇಜು, ಎಲ್ಲಿ ನನ್ನ ಹೊಲಿಗೆ ಯಂತ್ರ, ಎಲ್ಲವನ್ನೂ ಹೇಳಿದೆ. ಪೂರ್ವದ ಕೋಣೆಯ ಬೀಗ ಒಡೆಸಿ ದೇವರನ್ನು ಇಡುತ್ತೇವೆ ಎಂದೂ ಹೇಳಿದೆ.

ಅವರ ಕೈ ನಿಂತಿತು. ಮುಂಡಿನ ಅಂಚಿನ ಗಂಟು ಬಿಚ್ಚಿ ಒಂದು ಕೀಲಿ ತೆಗೆದರು.

"ಒಡೆಯಬೇಕಾಗಿಲ್ಲ ಮೋಳೇ" ಎಂದರು. ಮೋಳೇ ಎಂದರೆ ಮಗಳೇ. "ಅದು ನನ್ನ ಕೋಣೆ. ನನ್ನ ಪೆಟ್ಟಿಗೆ, ನನ್ನ ಮಂಚ ಅಲ್ಲೇ ಇದೆ. ಇಲ್ಲಿ ಮಗು ಹುಟ್ಟಿದಾಗ ನೋಡಿಕೊಳ್ಳಲು ಎಂದು ಬಂದವಳು. ಮಗು ದೊಡ್ಡದಾದ ಮೇಲೆ ಹಿಂದಿರುಗುತ್ತೇನೆ ಎಂದುಕೊಂಡಿದ್ದೆ."

 ನಾನು ಆಗಷ್ಟೇ ಅವರ ಎದುರಿಗೇ, ಮಾತಿನಲ್ಲೇ, ಅವರ ಮಂಚ ಎತ್ತಿಸಿ ಹೊರಗಿಟ್ಟಿದ್ದೆ.

ಅವರು ಸ್ವಲ್ಪ ಮುಂದೆ ಬಾಗಿ ಕೇಳಿದರು: "ನೀನು ಓದಿದವಳು. ಹೇಳು. ಞಾನ್ ಒಪ್ಪಿಡಣೋ?"

ಮಲಯಾಳದಲ್ಲಿ ಒಪ್ಪು ಎಂದರೆ ಸಹಿ. ಸಹಿ ಹಾಕಲೇ ಎಂದು ಅವರು ಕೇಳಿದ್ದು. ಕನ್ನಡದ ಕಿವಿಗೆ ಅದು, ನಾನು ಒಪ್ಪಬೇಕೇ ಎಂದೂ ಕೇಳಿಸಿತು. ಹೌದು ಎಂದಿದ್ದರೆ ಅವರು ಆಗಲೇ ಮುಂದಿನ ಕೋಣೆಗೆ ನಡೆದುಬಿಡುತ್ತಿದ್ದರು. ನಾನು ಹೌದು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ.

"ಬಂದಿರುವ ವಕೀಲರು ನಮ್ಮವರು, ಚೆರಿಯಮ್ಮ. ಅವರು ನಮ್ಮ ಹಿತ ನೋಡುತ್ತಾರೆ. ನಿಮ್ಮ ಹಿತ ನೋಡಲು ನಿಮ್ಮದೇ ವಕೀಲರು ಬೇಕು. ಅವರನ್ನು ಕೇಳದೆ ಸಹಿ ಹಾಕಬೇಡಿ."

"ನನಗೆ ಯಾರು ವಕೀಲರು? ನನ್ನನ್ನು ಯಾರು ಕರೆದುಕೊಂಡು ಹೋಗುತ್ತಾರೆ?"

ಆ ಸಂಜೆ ಅವರು ತಲೆನೋವೆಂದು ಹೊರಗೆ ಬರಲೇ ಇಲ್ಲ. ವಕೀಲರು ಮರುದಿನ ಬರುವುದಾಗಿ ಹೇಳಿ ಎದ್ದರು. ರಾತ್ರಿ ತಂಗಿಯ ಮನೆಗೆ ಬಂದೆ. ಜಗಲಿಯ ಗೋಡೆಯನ್ನು ಅಳೆಯುತ್ತಿದ್ದ ಯಜಮಾನರ ಅಂಗೈ ಕಣ್ಣ ಮುಂದೆ ಬರುತ್ತಿತ್ತು. ಅವರಿಗೆ ಫೋನು ಮಾಡಬಹುದಿತ್ತು. ತಂಗಿಯ ಪಕ್ಕದ ಮನೆಯಲ್ಲಿ ಫೋನಿತ್ತು. ಮಾಡಲಿಲ್ಲ.

ಬೆಳಿಗ್ಗೆ ಬೇಗ ಹೋಗಿ, ಚೆರಿಯಮ್ಮನನ್ನು ಪದ್ಮನಾಭನ ದರ್ಶನಕ್ಕೆ ಕರೆದುಕೊಂಡು ಹೋಗುತ್ತೇನೆಂದೆ. ಮನೆಯೊಡತಿಗೆ ಸಂತೋಷವೇ ಆಯಿತು. "ಹಾಗೇ ದಾರಿಯಲ್ಲಿ ಒಂದು ಮಾತು ಹೇಳಿ ಚೇಚ್ಚಿ, ನಿಮ್ಮ ಮಾತು ಕೇಳುತ್ತಾರೆ" ಎಂದು ನನ್ನನ್ನು ಅಕ್ಕನೆಂದೇ ಕರೆದು ಕೈಹಿಡಿದಳು. ನಂಬಿ ಹಿಡಿದ ಕೈ ಅದು. ದರ್ಶನವೇನೋ ಮಾಡಿಸಿದೆ. ಆಮೇಲೆ ಆಟೊ ಹತ್ತಿಸಿ ವಂಚಿಯೂರಿನ ಕೋರ್ಟಿನ ಹತ್ತಿರ, ತಂಗಿಗೆ ಪರಿಚಯವಿದ್ದ ಒಬ್ಬ ವಕೀಲೆಯ ಮನೆಗೆ ಕರೆದೊಯ್ದೆ.

ಆಕೆ ನನಗಿಂತ ಚಿಕ್ಕವಳು. ನನ್ನ ಮಾತನ್ನು ಪೂರ್ತಿ ಕೇಳಿ, "ಮನೆ ಕೊಳ್ಳುವವರು ನೀವೇ ತಾನೆ? ಹಾಗಾದರೆ ದಯವಿಟ್ಟು ಹೊರಗೆ ಕುಳಿತಿರಿ. ನೀವು ಎದುರು ಪಕ್ಷ" ಎಂದಳು. ಚೆರಿಯಮ್ಮ ಗಾಬರಿಯಿಂದ ನನ್ನ ಸೆರಗು ಹಿಡಿದರು. ಬಿಡಿಸಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ.

ಅವರು ಹೊರಬಂದಾಗ ಮುಖವೇ ಬೇರೆಯಾಗಿತ್ತು. "ನನಗೂ ಪಾಲಿದೆಯಂತೆ" ಎಂದರು.  ಮನೆಗೆ ಬಂದವರೇ ನಮ್ಮ ವಕೀಲರ ಎದುರು ನಿಂತು, "ನನ್ನ ವಕೀಲರನ್ನು ಕೇಳಿ ಹೇಳುತ್ತೇನೆ" ಎಂದರು. ಮನೆಯೊಡತಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು. ಕೋಪ ಬರಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅದಕ್ಕೆ ಮೊದಲು ಆ ಮುಖದಲ್ಲಿದ್ದದ್ದು ಬರೀ ಅಚ್ಚರಿ.

ಹಿಂದಿರುಗುವ ರೈಲು ಕೊಲ್ಲಂ ದಾಟಿತು. ವೃದ್ಧ ವಕೀಲರು ಕಿಟಕಿಯ ಕಡೆಗೇ ನೋಡುತ್ತ ಹೇಳಿದರು: "ನೀವು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ನನ್ನನ್ನು ನೇಮಿಸಿಕೊಂಡು, ನನ್ನ ಬೆನ್ನ ಹಿಂದೆ ಇನ್ನೊಬ್ಬರ ಬಳಿ ಹೋದಿರಿ. ಇನ್ನು ನಿಮ್ಮ ಕೆಲಸ ನನ್ನಿಂದಾಗದು."

ಮನೆಗೆ ಬಂದು ಯಜಮಾನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೂಗಾಡಲಿಲ್ಲ.

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿರ್ಲಿಲ್ಲ" ಎಂದರು. "ಅಂತೀನಿ ಅಂತ ನೀನು ಅಂದ್ಕೊಂಡ್ಯಲ್ಲ, ಅದೇ ನಂಗೆ ಬೇಜಾರು."

 

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಯಜಮಾನರು ಬಾಗಿಲು ತೆಗೆದರೆ, ಮೆಟ್ಟಿಲ ತುದಿಯಲ್ಲಿ ಚೆರಿಯಮ್ಮ ನಿಂತಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಪಾಲು ಕೇಳಿದ್ದಕ್ಕೆ ಮನೆಯಲ್ಲಿ ದೊಡ್ಡ ಜಗಳವಾಗಿತ್ತು. ಅಷ್ಟು ವರ್ಷ ಅನ್ನ ಹಾಕಿದ್ದಕ್ಕೆ ಇದೇ ಪ್ರತಿಫಲವೇ ಎಂದು ಅಕ್ಕನ ಮಗಳು ಕೇಳಿದ್ದಳು. ಇವರು ಹೊರಟು ಬಂದಿದ್ದರು. ತ್ರಿಪ್ಪುಣಿತ್ತುರದ ಮನೆಯ ಬಾಗಿಲನ್ನು ಅಕ್ಕನ ಮಗ ತೆಗೆಯಲಾರ; ಅದು ಬಿಟ್ಟರೆ ಅವರಿಗೆ ಗೊತ್ತಿದ್ದದ್ದು ನಾನು ಬರೆದುಕೊಟ್ಟಿದ್ದ ನಮ್ಮ ವಿಳಾಸವೊಂದೇ.

"ಒಳಗೆ ಬನ್ನಿ" ಎಂದು ಯಜಮಾನರು ಚೀಲ ತೆಗೆದುಕೊಂಡರು. ತಾವು ಓದುವ ಮೂಲೆಯನ್ನು ಖಾಲಿ ಮಾಡಿ ಅಲ್ಲಿ ಅವರಿಗೆ ಹಾಸಿಗೆ ಹಾಕಿಸಿದರು. ಯಜಮಾನರು ನನ್ನನ್ನು ಬೈದಿದ್ದರೆ ಹಗುರವಾಗಿರುತ್ತಿತ್ತು.

ಕೇಸು ಎರ್ನಾಕುಲಂನ ಕೋರ್ಟಿನಲ್ಲೇ ನಡೆಯಬೇಕಿತ್ತು. ವಂಚಿಯೂರಿನ ವಕೀಲೆ ಅಲ್ಲಿಯವರನ್ನೇ ನೋಡಿಕೊಳ್ಳಿ ಎಂದಿದ್ದಳು. ನಾನು ಮತ್ತೆ ಕಾಸರಗೋಡಿನ ವಕೀಲರ ಮೆಟ್ಟಿಲು ಹತ್ತಿದೆ. "ಅಂತೂ ಕೋರ್ಟಿನ ಕೆಲಸವೇ ತಂದ್ರಲ್ಲ ಅಮ್ಮ" ಎಂದರು. ಈ ಸಲ ನಗಲಿಲ್ಲ. ಕೇಸು ತೆಗೆದುಕೊಂಡರು.

ವಾಯಿದೆಯ ಮೇಲೆ ವಾಯಿದೆ. ಚೆರಿಯಮ್ಮ ನಮ್ಮ ಮನೆಯಲ್ಲೇ ಉಳಿದರು. ನನ್ನ ಮಕ್ಕಳಿಗೆ ಅವರು ಸಿಕ್ಕಿದ್ದು ಹಬ್ಬವಾಯಿತು. ಮನೆಯೊಳಗೇ ಮಲಯಾಳ ಮಾತಾಡಲು ಅಜ್ಜಿಯೊಬ್ಬರು ಸಿಕ್ಕಿದ್ದರು. ನನ್ನ ಮಗಳ ತಲೆ ಬಾಚುವಾಗ ಅವರು ಒಮ್ಮೊಮ್ಮೆ ಅವಳನ್ನು ತಿರುವನಂತಪುರದ ಹುಡುಗಿಯ ಮುದ್ದಿನ ಹೆಸರಿನಿಂದ ಕರೆದುಬಿಡುತ್ತಿದ್ದರು. ಮಗಳು ಓಗೊಡುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಒಮ್ಮೆ ಕೋರ್ಟಿನ ಜಗಲಿಯಲ್ಲಿ ಆ ಅಕ್ಕನ ಮಗಳು ಎದುರಾದಳು. ಚೆರಿಯಮ್ಮನನ್ನು ದಾಟಿ ನೇರವಾಗಿ ನನ್ನ ಬಳಿ ಬಂದಳು.

"ನಾನು ಅವರನ್ನು ಒಂದು ದಿನ ಉಪವಾಸ ಕೆಡವಿದ್ದೆನಾ? ಕೇಳಿ ನೋಡಿ. ಮನೆ ಬೇಡವಾಗಿದ್ದರೆ ಬೇಡ ಎಂದು ಹೋಗಬೇಕಿತ್ತು. ದೇವರ ಹೆಸರು ಹೇಳಿ ಕರೆದುಕೊಂಡು ಹೋದಿರಲ್ಲ."

ಅವಳ ಅಣ್ಣನ ಮುಚ್ಚುಮರೆಯನ್ನು ನಾನು ಎತ್ತಬಹುದಿತ್ತು, ಕೀಲಿಯ ಸುಳ್ಳನ್ನು ಹೇಳಬಹುದಿತ್ತು. ಆದರೆ ಅವಳು ಕೇಳಿದ್ದು ಅದನ್ನಲ್ಲ. 

ಕೊನೆಗೆ ಎರಡೂ ಕಡೆಯ ವಕೀಲರು ಕುಳಿತು ರಾಜಿ ಮಾಡಿಸಿದರು. ಪೂರ್ವದ ಕೋಣೆ, ಅದರ ಜಗಲಿ, ಕೊಳದ ಕಡೆಗೊಂದು ಬಾಗಿಲು ಚೆರಿಯಮ್ಮನಿಗೆ. ಉಳಿದದ್ದನ್ನು ಮಾರಬಹುದು. ಯಜಮಾನರು ಆಸೆಯಿಂದ ಹೇಳಿಕಳಿಸಿದರು, ಒಂದು ಕೋಣೆ ಕಡಿಮೆಯಾದರೂ ನಾವೇ ಕೊಳ್ಳುತ್ತೇವೆ ಎಂದು. ಯಾರಿಗಾದರೂ ಕೊಟ್ಟೇನು, ಅವರಿಗೆ ಕೊಡಲಾರೆ ಎಂದು ಮಾರುವವನಿಂದ ಉತ್ತರ ಬಂತು. ಒಬ್ಬ ಶಾಲಾ ಮಾಸ್ತರರ ಕುಟುಂಬ ಕೊಂಡಿತು. ಚೆರಿಯಮ್ಮ ತಮ್ಮ ಕೋಣೆಗೆ ಹಿಂದಿರುಗಿದರು; ಅವರಿಗೂ ಆ ಕುಟುಂಬಕ್ಕೂ ಚೆನ್ನಾಗಿ ಹೊಂದಿತು. ನಾವು ನೋಡಲು ಹೋದಾಗ ಯಜಮಾನರು ತಾವು ಅಳತೆ ತೆಗೆದಿದ್ದ ಆ ಜಗಲಿಯ ಕಡೆ ಕುರ್ಚಿ ತಿರುಗಿಸಿ ಕೂರುತ್ತಿರಲಿಲ್ಲ.

ಒಮ್ಮೆ ನಾನು ಧೈರ್ಯ ಮಾಡಿ ಕೇಳಿದೆ: "ನಾನು ಮಾಡಿದ್ದು ಸರಿಯಾಯಿತಾ, ಚೆರಿಯಮ್ಮ?"

 "ಸಹಿ ಹಾಕಿದ್ದರೆ ಈ ಕೋಣೆ ಇರುತ್ತಿರಲಿಲ್ಲ. ಹಾಕಲಿಲ್ಲ, ಮಗು ಜೊತೆಗಿಲ್ಲ" ಎಂದರು. "ಸಾರಮಿಲ್ಲ ಮೋಳೇ." ಪರವಾಗಿಲ್ಲ ಎಂದು ಅದರ ಅರ್ಥ. ಪರವಾಗಿಲ್ಲದ ವಿಷಯವಾಗಿರಲಿಲ್ಲ ಅದು.

ಆ ದಶಕ ಮುಗಿಯುತ್ತ ಬಂದಾಗ, ಆ ಹುಡುಗಿಗೆ ಮದುವೆ ಗೊತ್ತಾಗಿದೆಯೆಂದು ಚೆರಿಯಮ್ಮನಿಗೆ ಯಾರಿಂದಲೋ ತಿಳಿಯಿತು. ಕರೆ ಬರಲಿಲ್ಲ. ಅವರು ನನ್ನ ಹತ್ತಿರ ಏನೂ ಕೇಳಲಿಲ್ಲ. ಹುಡುಗಿಗೆಂದು ಪೆಟ್ಟಿಗೆಯಲ್ಲಿಟ್ಟಿದ್ದ, ಜರಿಯಂಚಿನ ಕಸವಿನ ಬಟ್ಟೆಯನ್ನು ತೆಗೆದು ಬಿಸಿಲಿಗೆ ಹಾಕಿದ್ದನ್ನು ಮಾತ್ರ ನೋಡಿದೆ.

ಈ ಸಲ ಯಜಮಾನರಿಗೆ ಮೊದಲು ಹೇಳಿದೆ. "ಹೋಗಿ ಬಾ" ಎಂದರು. ತಿರುವನಂತಪುರದ ಆ ಮನೆಯ ಗೇಟಿನ ಹೊರಗೆ ನಿಂತೇ ಮನೆಯೊಡತಿಯನ್ನು ಕರೆಸಿದೆ. ಕೂದಲು ನರೆತಿತ್ತು. ಒಳಗೆ ಬನ್ನಿ ಎನ್ನಲಿಲ್ಲ.

"ಅವರನ್ನು ಕರೆಯಿರಿ. ನನ್ನ ಮೇಲಿನ ಕೋಪವನ್ನು ಅವರ ಮೇಲೆ ತೀರಿಸಬೇಡಿ. ಅವರಾಗಿ ವಕೀಲರನ್ನು ಹುಡುಕಿಕೊಂಡು ಹೋದವರಲ್ಲ. ಕರೆದುಕೊಂಡು ಹೋದವಳು ನಾನು."

ಅವಳು ಗೇಟಿನ ಸರಳು ಹಿಡಿದು ನಿಂತಳು. "ನನ್ನ ಅಮ್ಮನ ತಂಗಿ ಅವರು. ಬಾರದೆ ಹೋದರೆ ಮಗು ಮಣೆಯ ಮೇಲೆ ಕೂರುವುದಿಲ್ಲ ಎನ್ನುತ್ತಿದ್ದಾಳೆ" ಎಂದಳು. ಆಮೇಲೆ, "ಅವರು ಬರಲಿ. ನೀವು ಬರಬೇಡಿ" ಎಂದಳು.

ಚೆರಿಯಮ್ಮನನ್ನು ರೈಲು ಹತ್ತಿಸಲು ನಾವಿಬ್ಬರೂ ಹೋಗಿದ್ದೆವು. ನೀನೂ ಬಾ ಎಂದು ಅವರು ಕಿಟಕಿಯಿಂದ ಕರೆಯುತ್ತಲೇ ಇದ್ದರು. ಮಕ್ಕಳಿಗೆ ಪರೀಕ್ಷೆ ಎಂದೆ. ಮದುವೆ ಮುಗಿಸಿ ಬಂದವರು ನಮ್ಮ ಅಡುಗೆಮನೆಯಲ್ಲಿ ಕುಳಿತು ಎಲ್ಲವನ್ನೂ ಹೇಳಿದರು. ಹುಡುಗಿ ತಬ್ಬಿಕೊಂಡು ಅತ್ತದ್ದು, ಅದೇ ಕಸವಿನ ಬಟ್ಟೆ ಉಟ್ಟದ್ದು, ಅಕ್ಕನ ಮಗಳು ಮೂರನೆಯ ದಿನ ತಾನಾಗಿಯೇ ಪಕ್ಕದಲ್ಲಿ ಬಂದು ಮಲಗಿದ್ದು. ನನ್ನ ಬಗ್ಗೆ ಯಾರಾದರೂ ಕೇಳಿದರೇ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಇನ್ನೊಂದು ಲೋಟ ಕಾಫಿ ಬಗ್ಗಿಸಿ ಅವರ ಮುಂದಿಟ್ಟೆ.